ಕುಮಾರ ಗಂಧರ್ವ: ಹೊರನಾಡಿನ ನೆಲಕ್ಕೆ ಕಿವಿಗೊಟ್ಟ ಗಾಯಕ

ಹೊರನಾಡ ಕನ್ನಡಿಗರ ಸಾಧನೆಯನ್ನು ಕುರಿತು ಮಾತನಾಡುವಾಗ ‘ಇವರು ನಮ್ಮವರು’ ಎಂಬ ಅಭಿಮಾನದ ನುಡಿಯಲ್ಲಿಯೇ ನಾವು ನಿಂತುಬಿಡುವುದುಂಟು. ನೆಲೆಸಿದ ನೆಲದಿಂದ ಅವರು ಏನನ್ನು ಪಡೆದರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಪಂಡಿತ ಕುಮಾರ ಗಂಧರ್ವರ (1924–1992) ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಅವರು ಬಾಲ್ಯದಲ್ಲಿಯೇ ಪ್ರಸಿದ್ಧ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಯಥಾವತ್ತಾಗಿ ಹಾಡುತ್ತಿದ್ದರು. ‘ಕುಮಾರ ಗಂಧರ್ವ’ ಎಂಬುದು ಆ ಪ್ರತಿಭೆಗೆ ಸಂದ ಬಿರುದು. ಮುಂದೆ ಅದೇ ಹೆಸರಾಯಿತು. ಮುಂಬಯಿಯಲ್ಲಿ ಅವರಿಗೆ ಗುರುಗಳಾದ ಬಿ. ಆರ್. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಶಿಷ್ಯನ ಮನಸ್ಸು ಅನುಕರಣದಿಂದ ವಿಚಾರದತ್ತ ಹೊರಳಿದ್ದು ಅಲ್ಲಿಯೇ.

ಯೌವನದಲ್ಲಿಯೇ ಕ್ಷಯರೋಗ ತಗುಲಿತು. ಚೇತರಿಕೆಗಾಗಿ 1948ರಲ್ಲಿ ಮಾಳವ ಪ್ರಾಂತದ ದೇವಾಸಕ್ಕೆ ಹೋದರು. ಸುಮಾರು ಐದು ವರ್ಷ ಹಾಡುವಂತಿರಲಿಲ್ಲ. ಹಾಸಿಗೆ ಹಿಡಿದ ಗಾಯಕನಿಗೆ ಉಳಿದದ್ದು ಕಿವಿಯೊಂದೇ. ಹಳ್ಳಿಯ ಹೆಂಗಸರ ಹಾಡುಗಳು, ಜೋಗಿಗಳು ಹಾಡುತ್ತಿದ್ದ ಕಬೀರನ ನಿರ್ಗುಣ ಪದಗಳು ಆ ಕಿವಿಗೆ ಬಿದ್ದವು. ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಗುಣಹೊಂದಿ 1953ರಲ್ಲಿ ಮತ್ತೆ ವೇದಿಕೆಯೇರಿದಾಗ ಅವರ ಗಾಯನವೇ ಬೇರೆಯಾಗಿತ್ತು.

ಜನಪದ ಧಾಟಿಯನ್ನು ಅವರು ಅಲಂಕಾರಕ್ಕಾಗಿ ಎರವಲು ತರಲಿಲ್ಲ. ಕೆಲವೇ ಸ್ವರಗಳಲ್ಲಿ ಸುಳಿಯುವ ಧಾಟಿಯಲ್ಲಿ ರಾಗದ ಬೀಜವಿದೆಯೆಂದು ಗುರುತಿಸಿ, ಅದರ ಚಲನೆಯನ್ನು ವಿಸ್ತರಿಸಿ ರಾಗವಾಗಿ ಬೆಳೆಸಿದರು. ಇವೇ ‘ಧುನ್ ಉಗಮ’ ರಾಗಗಳು. ಮಾಲವತಿ, ಸಂಜಾರಿ, ಲಗನಗಾಂಧಾರಗಳು ಈ ಬಗೆಯವು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ ಅವರ ಬಂದಿಶುಗಳ ಸಂಗ್ರಹ.

ಒಂದು ಶ್ವಾಸಕೋಶ ದುರ್ಬಲವಾದುದರಿಂದಲೇ ಅವರು ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನೂ ಥಟ್ಟನೆ ಚಿಮ್ಮುವ ತಾನುಗಳನ್ನೂ ಆಯ್ದುಕೊಂಡರೆಂದು ಹೇಳುವುದು ರೂಢಿ. ಇದು ಅರ್ಧಸತ್ಯ. ಉಸಿರಿನ ಮಿತಿ ತುಣುಕುಗಳನ್ನು ಕೊಡಬಲ್ಲದು. ಆ ತುಣುಕುಗಳ ನಡುವಣ ಮೌನಕ್ಕೆ ಅರ್ಥವನ್ನು ಕೊಡುವುದು ವಿಚಾರ ಮಾತ್ರ. ಘರಾಣೆಯ ಶಿಸ್ತನ್ನು ಮುರಿದರೆಂದು ಸಂಪ್ರದಾಯಸ್ಥರು ಆಕ್ಷೇಪಿಸಿದರೂ ಅವರು ಹಿಂದೆಗೆಯಲಿಲ್ಲ.

1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1992ರ ಜನವರಿ 12ರಂದು ದೇವಾಸದಲ್ಲಿಯೇ ನಿಧನರಾದರು. ಹುಟ್ಟಿನಿಂದ ಅವರು ಕನ್ನಡ ನಾಡಿನವರು; ಅವರ ಕಲೆಯಾದರೋ ಮಾಳವದ ಋಣವನ್ನು ಹೊತ್ತಿದೆ. ಆ ಋಣವನ್ನು ಒಪ್ಪಿಕೊಂಡರೆ ನಮ್ಮ ಅಭಿಮಾನ ಕುಗ್ಗುವುದಿಲ್ಲ. ನೆರೆಯವರ ಹಾಡಿಗೆ ಕಿವಿಗೊಡುವುದೂ ಹೊರನಾಡಿನ ಬದುಕಿನ ಒಂದು ಸಾಧನೆಯೆಂಬುದು ಇದರಿಂದ ವಿದಿತವಾಗುತ್ತದೆ.