ಭೀಮಾತೀರದ ಕೂಡುಬಾಳು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ವಿಚಾರ

ಭೀಮಾತೀರವೆಂದೊಡನೆ ದಿನಪತ್ರಿಕೆಗಳ ವಾಚಕರಿಗೆ ನೆನಪಾಗುವುದು ನಾಡಪಿಸ್ತೂಲು, ಮನೆತನಗಳ ಹಗೆ, ಕೊಲೆಗೆ ಪ್ರತಿಕೊಲೆ. ಅಫಜಲಪುರದ ಸೀಮೆಗೂ ನದಿಯಾಚೆಯ ಇಂಡಿ, ಚಡಚಣಗಳಿಗೂ ಅಂಟಿದ ಈ ಅಪಕೀರ್ತಿಯು ನಿರಾಧಾರವಲ್ಲ. ಆದರೆ ಅದೇ ಆ ತೀರದ ಸಮಗ್ರ ವೃತ್ತಾಂತವೆಂದು ತಿಳಿಯುವುದು ಸಾಧುವಲ್ಲ. ಇದೇ ನದಿಯು ಅಮರಜೆಯನ್ನು ಕೂಡುವೆಡೆಯಲ್ಲಿ ಗಾಣಗಾಪುರವಿದೆ. ಅಲ್ಲಿಯ ನೃಸಿಂಹಸರಸ್ವತೀ ಸ್ವಾಮಿಗಳು ಬಿದರೆಯ ಮುಸಲ್ಮಾನ ಅರಸನ ತೊಡೆಯ ಹುಣ್ಣನ್ನು ವಾಸಿಮಾಡಿದರೆಂದೂ, ಆ ಅರಸನು ಪೂರ್ವಜನ್ಮದಲ್ಲಿ ಗುರುಸೇವೆ ಮಾಡಿದ ಅಗಸನೆಂದೂ ಮರಾಠಿಯ ಗುರುಚರಿತ್ರೆಯು ಹೇಳುತ್ತದೆ. ಇದು ಇತಿಹಾಸವೋ ಐತಿಹ್ಯವೋ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ಪಾರಾಯಣಗ್ರಂಥವೊಂದು ಅನ್ಯಮತದ ಅರಸನನ್ನು ಗುರುವಿನ ಪರಿವಾರದೊಳಕ್ಕೆ ಬರಮಾಡಿಕೊಂಡಿತೆಂಬುದೇ ಗಮನಾರ್ಹವಾದುದು.

ಈ ಪ್ರಾಂತದ ಕೂಡುಬಾಳಿಗೆ ಒದಗಿದ ಅತಿ ಕಠಿನವಾದ ಪರೀಕ್ಷೆ 1948ನೆಯ ವರ್ಷದ್ದು. ಆಗ ಗುಲಬರ್ಗಾ ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೊದಲು ರಜಾಕಾರರ ಹಾವಳಿಯಿಂದ ಹಿಂದೂ ಪ್ರಜೆಗಳು ನೊಂದರು. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತದ ವಶವಾದ ಮೇಲೆ, ಸೇಡಿನ ಕಿಚ್ಚು ರಜಾಕಾರರಲ್ಲದ ಮುಸಲ್ಮಾನರ ಮೇಲೆಯೂ ಬಿದ್ದಿತು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸಮಿತಿಯು ಅದೇ ವರ್ಷದ ಕೊನೆಯಲ್ಲಿ ಸಂಚರಿಸಿ, ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡಿರಬೇಕೆಂದು ಅಂದಾಜು ಮಾಡಿತು. ಅತ್ಯಧಿಕವಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗೆಯೂ ಒಂದೆಂದು ಅದು ಬರೆದಿತು. ಸರ್ಕಾರವು ಈ ವರದಿಯನ್ನು ಬಹುಕಾಲ ಬೆಳಕಿಗೆ ತರಲಿಲ್ಲ.

ಅದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಉಂಟು. ಸಾವಿನ ಲೆಕ್ಕವನ್ನು ಉದಾಹರಿಸುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅನೇಕ ಕಡೆಗಳಲ್ಲಿ ಹಿಂದೂಗಳು ತಮ್ಮ ಪ್ರಾಣವನ್ನೊಡ್ಡಿ ನೆರೆಯ ಮುಸಲ್ಮಾನರನ್ನು ರಕ್ಷಿಸಿದರೆಂದೂ, ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ನಿಂತರೆಂದೂ ಸಮಿತಿಯು ದಾಖಲಿಸಿದೆ. ಒಂದೇ ಕಸುಬಿನವರೆಂಬ ಸಂಬಂಧವು ಮತಭೇದವನ್ನು ಮೀರಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆಪತ್ಕಾಲದಲ್ಲಿ ಕೈಹಿಡಿಯುವ ಇಂತಹ ಸಂಬಂಧಗಳು ಒಂದೇ ದಿನದಲ್ಲಿ ಹುಟ್ಟತಕ್ಕವಲ್ಲ.

ಸಾಹಿತ್ಯಾಭ್ಯಾಸಿಗಳು ಇಲ್ಲಿ ತತ್ತ್ವಪದಗಳ ಪರಂಪರೆಯನ್ನು ನೆನೆಯಬೇಕು. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಖೈನೂರಿನ ಕೃಷ್ಣಪ್ಪ, ತೆಲುಗಬಾಳದ ರೇವಪ್ಪ ಇವರೊಡನೆ ಚೆನ್ನೂರಿನ ಜಲಾಲಸಾಹೇಬನೂ ಇದ್ದನು. ಹೆಸರುಗಳೇ ಕುಲಮತಗಳ ಬೆರಕೆಯನ್ನು ಸಾರುತ್ತವೆ. ಈ ಪದಗಳು ಓಲೆಗರಿಯಲ್ಲಿ ಮಲಗಿದ ಕಾವ್ಯವಲ್ಲ. ದಿನದ ಕೆಲಸ ತೀರಿದ ಮೇಲೆ ಮಠದಲ್ಲಿಯೋ ಕಟ್ಟೆಯ ಮೇಲೆಯೋ ಕುಳಿತು, ಏಕತಾರಿ ಮೀಟಿ, ತಾಳ ತಟ್ಟಿ ಹಾಡತಕ್ಕವು. ಒಬ್ಬನು ನುಡಿಯನ್ನೆತ್ತಿಕೊಂಡರೆ ಉಳಿದವರು ಪಲ್ಲವಿಯನ್ನು ಹಿಡಿಯಬೇಕು. ಹಾಗೆ ಹಿಡಿಯುವವನ ಜಾತಿಯನ್ನು ಕೇಳುವ ಪದ್ಧತಿಯಿಲ್ಲ. ಶಾಸ್ತ್ರಪಾಂಡಿತ್ಯದ ದೃಷ್ಟಿಯಿಂದ ಇವುಗಳ ಭಾಷೆ ಒರಟೆಂದು ಹಳಿಯುವವರುಂಟು. ಆದರೆ ಮೃದುವಾದ ಎಷ್ಟೋ ಚಂಪೂಕಾವ್ಯಗಳಿಗೆ ಅಸಾಧ್ಯವಾದ ಕಾರ್ಯವನ್ನು ಈ ಒರಟು ನುಡಿ ಮಾಡಿದೆ. ಮೊಹರಮ್ಮಿನ ಸಂಪ್ರದಾಯವೂ ಇದೇ ಜಾತಿಯದು: ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ, ಕನ್ನಡದಲ್ಲಿಯೇ ರಿವಾಯತುಗಳನ್ನು ಹಾಡುತ್ತಾರೆ. ಮುಸಲ್ಮಾನರ ಮನೆಗಳೇ ಇಲ್ಲದ ಹಳ್ಳಿಗಳಲ್ಲಿಯೂ ಇದನ್ನು ಕಾಣಬಹುದು.

ಈಗಿನ ಕಾಲದ ಪರೀಕ್ಷೆ ಆಳಂದದ್ದು. ಅಲ್ಲಿಯ ಲಾಡ್ಲೆ ಮಶಾಯಕರ ದರ್ಗದ ಆವರಣದಲ್ಲಿಯೇ ರಾಘವಚೈತನ್ಯ ಶಿವಲಿಂಗವಿದೆ. ಭಕ್ತ ತುಕಾರಾಮನು ತನ್ನ ಗುರುಪರಂಪರೆಯಲ್ಲಿ ಹೆಸರಿಸಿದ ರಾಘವಚೈತನ್ಯರು ಇವರೇ ಎಂದು ಸಂಪ್ರದಾಯವು ನಂಬಿದೆ. ಒಂದೇ ಆವರಣದಲ್ಲಿದ್ದ ಈ ಎರಡು ಭಕ್ತಿಗಳ ನಡುವೆ 2021ರಲ್ಲಿ ಲಿಂಗಕ್ಕೆ ಅಪಚಾರವಾಯಿತೆಂಬ ದೂರಿನಿಂದ ಬಿರುಕು ಬಿದ್ದು, 2022ರ ಮಾರ್ಚ್ 1ರ ಶಿವರಾತ್ರಿಯಂದು ಕಲ್ಲುತೂರಾಟವೂ ಆಯಿತು. 2023ರಲ್ಲಿ ಶಿವರಾತ್ರಿಯೂ ದರ್ಗದ ವಿಧಿಗಳೂ ಒಂದೇ ದಿನ ಒದಗಿದಾಗ ವಿಷಯವು ನ್ಯಾಯಪೀಠದ ಮುಂದೆ ಹೋಯಿತು. ಮುಸಲ್ಮಾನರಿಗೆ ಬೆಳಿಗ್ಗೆ 8ರಿಂದ 12 ಗಂಟೆಯ ವರೆಗೆ, ಹಿಂದೂಗಳಲ್ಲಿ 15 ಮಂದಿಗೆ ಮಧ್ಯಾಹ್ನ 2ರಿಂದ ಸಂಜೆ 6ರ ವರೆಗೆ ಎಂದು ನಿರ್ಣಯವಾಯಿತು. ಊರ ಹಿರಿಯರ ಮಾತಿನಿಂದ ತೀರಬೇಕಾದುದು ಗಡಿಯಾರದಿಂದ ತೀರಿತೆಂದು ಕೊರಗುವವರುಂಟು. ಆದರೆ ಗಡಿಯಾರದ ಹಂಚಿಕೆಯಿಂದಲಾದರೂ ಆ ದಿನ ರಕ್ತಪಾತವು ತಪ್ಪಿತೆಂಬುದು ಅಲ್ಪವಾದ ಲಾಭವಲ್ಲ. ಹಬ್ಬಗಳಿಗೆ ಮುಂಚೆ ತಾಲ್ಲೂಕು ಕಚೇರಿ, ಪೋಲೀಸು ಠಾಣೆಗಳಲ್ಲಿ ಕೂಡುವ ಶಾಂತಿಸಭೆಗಳ ಕೆಲಸವೂ ಇದೇ ತೆರನಾದುದು: ಮೆರವಣಿಗೆ ಯಾವ ಬೀದಿಯಲ್ಲಿ ಸಾಗಬೇಕು, ವಾದ್ಯವು ಎಲ್ಲಿ ನಿಲ್ಲಬೇಕು, ಯಾರು ಮುಂದೆ ನಿಂತು ಹೊಣೆ ಹೊರಬೇಕು ಎಂಬ ಸಣ್ಣ ಸಂಗತಿಗಳು ಅಲ್ಲಿ ತೀರ್ಮಾನವಾಗುತ್ತವೆ. 2025ರ ಶಿವರಾತ್ರಿಗೂ ಆಳಂದದಲ್ಲಿ 15 ಮಂದಿಗೇ ಉಚ್ಚ ನ್ಯಾಯಾಲಯದ ಅನುಮತಿ ದೊರೆಯಿತು.