ಆನ್‌ಲೈನ್ ವ್ಯಾಸಂಗ: ಶುಲ್ಕಕ್ಕೆ ಮೊದಲು ಸಿದ್ಧತೆಯ ಲೆಕ್ಕ

ವ್ಯವಹಾರದ ಹೊಣೆಯಿಂದ ವ್ಯಾಸಂಗ ಮೊಟಕಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಉದ್ಯಮಿಗಳಿಗೆ ಆನ್‌ಲೈನ್ ಕಾಲೇಜು ಕೋರ್ಸುಗಳು ಮತ್ತೊಂದು ಅವಕಾಶ ಒದಗಿಸಿವೆ. ಶುಲ್ಕ ಪಾವತಿಸುವ ಮೊದಲು ತಮ್ಮ ಸಿದ್ಧತೆಯನ್ನು ಈ ಕೆಳಗಿನಂತೆ ಪರಿಶೀಲಿಸಿಕೊಳ್ಳುವುದು ಲೇಸು.

ಕಾಲ: ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಜಾಲತಾಣದ ಕೋರ್ಸುಗಳು ಮುಖ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಪ್ರಾರಂಭವಾಗುತ್ತವೆ. ಜನವರಿಯಲ್ಲಿ ಕಬ್ಬು ನುರಿಸುವ ಹಂಗಾಮು ನಡೆದಿರುತ್ತದೆ. ಕಬ್ಬಿನ ಸಾಗಾಣಿಕೆ, ಯಂತ್ರ ದುರಸ್ತಿಯನ್ನು ಅವಲಂಬಿಸಿದವರಿಗೆ ಜುಲೈ ಅನುಕೂಲ. ನಿಪ್ಪಾಣಿಯ ತಂಬಾಕು ವರ್ತಕರೂ ಅಥಣಿಯ ಪಾದರಕ್ಷೆ ತಯಾರಕರೂ ತಮ್ಮ ಬೇಡಿಕೆಯ ತಿಂಗಳುಗಳನ್ನು ನೋಡಿಕೊಂಡೇ ನೋಂದಾಯಿಸುವುದು ಒಳಿತು.

ಶಿಸ್ತು: ಪಾಠ ವೀಕ್ಷಿಸಿದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯದು. ‘ಸ್ವಯಂ’ನಲ್ಲಿರುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ಅಭ್ಯಾಸಗಳಿಗೆ 25, ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75 ಅಂಕಗಳಿವೆ, ಇವುಗಳಲ್ಲಿ ಅನುಕ್ರಮವಾಗಿ 10 ಮತ್ತು 30 ಅಂಕ ಗಳಿಸಬೇಕು. ಬೋಧನೆ ಬಹುತೇಕ ಇಂಗ್ಲಿಷಿನಲ್ಲಿರುವುದನ್ನೂ ಗಮನಿಸತಕ್ಕದ್ದು.

ಮಾನ್ಯತೆ: ಪ್ರಮಾಣಪತ್ರವೇ ಬೇರೆ, ಪದವಿಯೇ ಬೇರೆ. ಯುಜಿಸಿಯ 2020ರ ನಿಯಮಾವಳಿಯಂತೆ ಮಾನ್ಯತೆ ಪಡೆದ ಆನ್‌ಲೈನ್ ಪದವಿ ಮಾತ್ರ ಸಾಮಾನ್ಯ ಪದವಿಗೆ ಸಮಾನ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ 2013–14ರಿಂದ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆದುದನ್ನು ನೆನೆದರೆ, ಪ್ರವೇಶದ ವರ್ಷದ ಮಾನ್ಯತೆಯನ್ನು ಯುಜಿಸಿ ಜಾಲತಾಣದಲ್ಲಿ ನೋಡುವ ಅಗತ್ಯ ಸ್ಪಷ್ಟವಾಗುತ್ತದೆ.

ಎನ್‌ಪಿಟಿಇಎಲ್ ಪಾಠಗಳಿಗೆ ನೋಂದಣಿ ಉಚಿತ. ಶುಲ್ಕ ಪರೀಕ್ಷೆಗೆ ಮಾತ್ರ. ಮೊದಲ ಎರಡು ವಾರ ಅಭ್ಯಾಸಗಳನ್ನು ಗಡುವಿನೊಳಗೆ ಸಲ್ಲಿಸಿ ನೋಡುವುದೇ ಖರ್ಚಿಲ್ಲದ ಪರೀಕ್ಷೆ. ಅದೂ ಸಾಧ್ಯವಾಗದಿದ್ದಲ್ಲಿ ಮುಂದಿನ ಅವಧಿಗೆ ಕಾಯುವುದು ನಷ್ಟವಲ್ಲ, ಉಳಿತಾಯ.