ಮೊಳೆತ ರಾಗಿಯೂ ಬೆಲ್ಜಿಯಂನ ಕಪ್ಪು ಬಿಯರೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳೆಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಿಂದ ಕೂಸುಗಳಿಗೆ ಸರಿ ಮಾಡುವುದುಂಟು. ಬೆಲ್ಜಿಯಂ ದೇಶದ ರೋಷ್‌ಫೋರ್ ಮಠದಲ್ಲಿ ತಯಾರಾಗುವ, ನೂರಕ್ಕೆ 11.3 ಪಾಲು ಮದ್ಯಸಾರವುಳ್ಳ ಕಪ್ಪು ಬಿಯರಿನ ಮೊದಲ ಹಂತವೂ ಇದೇ. ಅಲ್ಲಿ ಮೊಳೆಯುವ ಧಾನ್ಯ ಬಾರ್ಲಿ. ಈ ಎರಡಕ್ಕೂ ಇರುವ ನಂಟೇನೆಂಬುದನ್ನು ನೋಡೋಣ.

ಕಾಳಿನ ಬಹುಭಾಗ ಪಿಷ್ಟ. ಮೊಳೆಯುವಾಗ ಎಳೆಸಸಿಗೆ ಆಹಾರವೊದಗಿಸಲು ಕಾಳು ಅಮೈಲೇಸ್ ಎಂಬ ಕಿಣ್ವವನ್ನು ಹುಟ್ಟಿಸುತ್ತದೆ. ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸಿ ಸಕ್ಕರೆಯಾಗಿಸುತ್ತದೆ. ಮೊಳೆತ ಬಾರ್ಲಿಯಲ್ಲಿನ ಈ ಶಕ್ತಿಯನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಬೇರ್ಪಡಿಸಿ ತೋರಿಸಿದರು.

ಬಿಯರಿನಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಕಪ್ಪು ಬಣ್ಣ ಬರುವುದು ಹುರಿದ ಮೊಳಕೆಧಾನ್ಯದಿಂದ, ಕಾಯಿಸಿ ಕಪ್ಪಾಗಿಸಿದ ಸಕ್ಕರೆಯ ಪಾಕದಿಂದ. ಕಾವಿನಲ್ಲಿ ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ನಡೆಸುವ ಮೈಯಾರ್ ಕ್ರಿಯೆಯೇ ಹುರಿದ ರಾಗಿಗೂ ಹುರಿದ ಮಾಂಸಕ್ಕೂ ಕಂಪನ್ನು ಕೊಡುತ್ತದೆ. ಕಪ್ಪು ಬಿಯರು ಮಾಂಸದಡಿಗೆಗೆ ಹೊಂದುವುದಕ್ಕೆ ಈ ಸಮಾನ ಕಂಪೂ ಒಂದು ಕಾರಣ.

ಮೊಳೆಯದ ರಾಗಿಯ ಸರಿ ಬೇಗ ಗಟ್ಟಿಯಾಗುತ್ತದೆ. ನೀರು ಬೆರೆಸಿದರೆ ತೆಳುವಾಗುತ್ತದೆ, ಆದರೆ ಕೂಸಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಬಿಸಿ ಗಂಜಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಆರಿದಾಗ ಒಂದು ಚಮಚ ಮೊಳಕೆಹಿಟ್ಟನ್ನು ಕಲಸಿದರೆ, ನೀರಿಲ್ಲದೆಯೇ ಅದು ಸಡಿಲವಾಗುವುದನ್ನು ನಾವು ಕಾಣಬಹುದು. ಆಮೇಲೆ ಮತ್ತೊಮ್ಮೆ ಕುದಿಸಿ, ಆರಿಸಿ ಉಣಿಸಬೇಕು. ಹೀಗೆ ಅದೇ ಬಟ್ಟಲಿನಲ್ಲಿ ಹೆಚ್ಚು ಧಾನ್ಯ ಕೂಸಿಗೆ ಸಲ್ಲುತ್ತದೆ. ಆದರೆ ಮೊಳೆತ ಕಾಳನ್ನು ಅತಿಯಾಗಿ ಹುರಿಯಬಾರದು. ಕಂಪು ಹೆಚ್ಚೀತು, ಕಿಣ್ವ ಕೆಟ್ಟೀತು.